ದಾದಿಯರ ಪ್ರಾಜೆಕ್ಟಿಗೊಂದು ವಿಷಯ

ಕಳೆದ ತಿಂಗಳ ಒಂದು ಭಾನುವಾರ, ಎರಡನೆಯ ಪೂಜೆ ಮುಗಿದು ಚರ್ಚಿನ ಅಂಗಳದಲ್ಲಿ ನಾವು ಪರಿಚಿತರೊಡನೆ ಮಾತನಾಡುತ್ತ ನಿಂತಿದ್ದಾಗ ಆರು ಮಂದಿ ಯುವತಿಯರು ನಮ್ಮನ್ನು ಹುಡುಕಿಕೊಂಡು ಬಂದರು. ಸಮೀಪದ ನರ್ಸಿಂಗ್ ಕಾಲೇಜೊಂದರ ಎರಡನೆಯ ವರ್ಷದ ವಿದ್ಯಾರ್ಥಿನಿಯರು. ನಾಲ್ವರು ಕೇರಳದವರು, ಒಬ್ಬಳು ಬೆಳ್ತಂಗಡಿ ಕಡೆಯವಳು, ಇನ್ನೊಬ್ಬಳು ಶಿವಮೊಗ್ಗ ಜಿಲ್ಲೆಯವಳು. ಸೂಕ್ಷ್ಮಾಣುಜೀವಿಶಾಸ್ತ್ರದ ಪಾಠದ ಅಂಗವಾಗಿ ಆರಾರು ಮಂದಿಯ ತಂಡಗಳು ಒಂದೊಂದು ವಿಷಯವನ್ನು ಆರಿಸಿಕೊಂಡು ಪ್ರಾಜೆಕ್ಟ್ ಮಾಡಬೇಕಂತೆ. ಕೊನೆಗೆ ಸಾರ್ವಜನಿಕರಿಗಾಗಿ ಒಂದು ಪ್ರದರ್ಶನವೂ ಉಂಟಂತೆ. ಚಾರ್ಟುಗಳ ಮೇಲೆ ಕನ್ನಡದಲ್ಲಿ ಬರೆಯಬೇಕಾದುದನ್ನು ನಾವು ತಿದ್ದಿಕೊಡಬೇಕೆಂಬುದು ಅವರ ಕೋರಿಕೆ. ಈ ಅಂಕಣವನ್ನು ಬರೆಯುವವರಿಗೆ ಕನ್ನಡ ಬಂದೀತೆಂಬ ಅವರ ನಂಬಿಕೆಗೆ ನಾವು ಋಣಿಗಳು.

ವಿಷಯ ಯಾವುದೆಂದು ಕೇಳಿದೆವು. ಎಬೋಲಾ ಎಂದರು.

ಎಬೋಲಾವನ್ನೇ ಏಕೆ ಆರಿಸಿಕೊಂಡಿರಿ ಎಂಬ ಪ್ರಶ್ನೆಗೆ ಉತ್ತರಗಳು ಒಂದರ ಮೇಲೊಂದು ಬಂದವು. ಚಿತ್ರಗಳು ಧಾರಾಳವಾಗಿ ಸಿಗುತ್ತವೆ. ಎರೆಹುಳದಂತೆ ಸುರುಳಿ ಸುತ್ತಿದ ಆ ವೈರಾಣುವಿನ ಮಾದರಿ ಥರ್ಮೋಕೋಲಿನಲ್ಲಿ ಬಹಳ ಚೆನ್ನಾಗಿ ಬರುತ್ತದೆ. ಹಿಂದಿನ ವರ್ಷದವರು ಆಂಥ್ರಾಕ್ಸ್ ಮಾಡಿ ಬಹುಮಾನ ಪಡೆದಿದ್ದರು. ಚರಿತ್ರೆ, ಲಕ್ಷಣ, ಹರಡುವಿಕೆ, ಪರೀಕ್ಷೆ, ಚಿಕಿತ್ಸೆ, ತಡೆಗಟ್ಟುವಿಕೆ ಎಂದು ಆರು ಮಂದಿಗೆ ಆರು ಭಾಗಗಳನ್ನು ಹಂಚಿಕೊಡುವುದೂ ಸುಲಭ. ಈ ಮಾತುಗಳೆಲ್ಲ ಮುಗಿದ ಮೇಲೆ ಹಿಂದೆ ನಿಂತಿದ್ದ ಬೆಳ್ತಂಗಡಿಯ ಹುಡುಗಿ ಮೆಲ್ಲನೆ ಹೇಳಿದಳು: "ಎಬೋಲಾ ಆದರೆ ಯಾರಿಗೂ ಬೇಸರ ಆಗುವುದಿಲ್ಲ ಸರ್."

ಪಕ್ಕದವಳು ಅವಳ ಕೈ ಹಿಡಿದು ಎಳೆದುದು ನಮ್ಮ ಕಣ್ಣಿಗೆ ಬಿತ್ತು. ಸ್ವಲ್ಪ ಒತ್ತಾಯಿಸಿದ ಮೇಲೆ ಸಂಗತಿ ಹೊರಬಂದಿತು. ವಾರ್ಡಿನ ನಲ್ಲಿಯ ಹಿಡಿ, ರಕ್ತದೊತ್ತಡ ಅಳೆಯುವ ಪಟ್ಟಿ, ಕೇಸ್ ಶೀಟಿನ ರಟ್ಟು, ಇವುಗಳ ಮೇಲೆ ಏನೇನು ರೋಗಾಣುಗಳಿವೆಯೆಂದು ನೋಡುವ ಆಸೆ ಅವರಿಗೆ ಮೊದಲು ಇದ್ದಿತ್ತು. ಹಿರಿಯರೊಬ್ಬರು, ಹೊಸ ರಗಳೆ ಯಾಕೆ, ಪುಸ್ತಕದಲ್ಲಿರುವ ಯಾವುದಾದರೂ ರೋಗವನ್ನು ತೆಗೆದುಕೊಳ್ಳಿರಿ ಎಂದು ಸಲಹೆಯಿತ್ತರು. ಹಾಗೆ ವಿಷಯವು ವಾರ್ಡಿನ ನಲ್ಲಿಯಿಂದ ಹೊರಟು ಆಫ್ರಿಕಾ ಖಂಡವನ್ನು ಸೇರಿತು.

ಆ ಹುಡುಗಿಯ ಮಾತು ನಮ್ಮನ್ನು ಹಲವು ದಿನ ಕಾಡಿತು. ವಿದ್ಯಾರ್ಥಿಗಳ ಪ್ರಾಜೆಕ್ಟಿನ ವಿಷಯವೂ ಪತ್ರಿಕೆಯಲ್ಲಿ ಚರ್ಚಿಸಬೇಕಾದ ಸಂಗತಿಯೇ ಎಂದು ಕೆಲವರು ಕೇಳಬಹುದು. ನಮ್ಮ ಕರಾವಳಿಯ ಕ್ರೈಸ್ತ ಸಮುದಾಯದಲ್ಲಿ ದಾದಿಯರಿಲ್ಲದ ಕುಟುಂಬಗಳನ್ನು ಹುಡುಕುವುದೇ ಕಷ್ಟ. ಅಕ್ಕ ಕುವೈತಿನಲ್ಲಿ, ಅತ್ತಿಗೆ ಐರ್ಲೆಂಡಿನಲ್ಲಿ, ಚಿಕ್ಕಮ್ಮ ಊರಿನ ಆಸ್ಪತ್ರೆಯಲ್ಲಿ ಎಂಬುದು ನಮ್ಮಲ್ಲಿ ಸಾಮಾನ್ಯವಾದ ಮಾತು. ನಮ್ಮ ಧರ್ಮಭಗಿನಿಯರು ನಡೆಸುವ ಆಸ್ಪತ್ರೆಗಳೂ ನರ್ಸಿಂಗ್ ಶಾಲೆಗಳೂ ಅನೇಕ. ಆದುದರಿಂದ ಇಂದು ಈ ಹುಡುಗಿಯರು ಯಾವ ಪ್ರಶ್ನೆಯನ್ನು ಕೇಳಲು ಕಲಿಯುತ್ತಾರೆ, ಯಾವುದನ್ನು ಕೇಳದಿರಲು ಕಲಿಯುತ್ತಾರೆ ಎಂಬುದು ನಾಳೆ ನಮ್ಮ ತಂದೆತಾಯಿಯರು ಮಲಗುವ ಮಂಚದ ಬಳಿ ಕಾಣಿಸಿಕೊಳ್ಳುವ ಸಂಗತಿಯಾಗಿದೆ.

ಇದನ್ನು ನಾವು ಊಹೆಯಿಂದ ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ತಾಯಿಯವರು ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದರು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಆದರೆ ಡ್ರಿಪ್ ಕೊಡಲೆಂದು ಮುಂಗೈಯ ಮೇಲೆ ಚುಚ್ಚಿದ್ದ ಕ್ಯಾನುಲಾದ ಸುತ್ತ ನಾಲ್ಕನೆಯ ದಿನ ಕೆಂಪಾಯಿತು. ಹೇಳಿದೆವು, ಪರವಾಗಿಲ್ಲ ಎಂದರು. ಆರನೆಯ ದಿನ ಕೀವು, ಚಳಿಜ್ವರ. ಮೂರು ದಿನಗಳಲ್ಲಿ ಮನೆಗೆ ಹೋಗಬೇಕಾಗಿದ್ದವರು ಮತ್ತೆ ಹನ್ನೊಂದು ದಿನ ಅಲ್ಲಿಯೇ ಮಲಗಿದರು. ಸೊಂಟದ ನೋವನ್ನು ಮರೆತರೂ ಆ ಕೈಯ ನೋವನ್ನು ಅವರು ಕೊನೆಯವರೆಗೂ ಮರೆಯಲಿಲ್ಲ.

ಆ ವಾರ್ಡಿನಲ್ಲಿ ಒಬ್ಬ ವಿದ್ಯಾರ್ಥಿನಿ ಇದ್ದಳು. ಒಂದು ಮಂಚದಿಂದ ಇನ್ನೊಂದಕ್ಕೆ ಹೋಗುವ ಮೊದಲು ಮೂಲೆಯ ಬೇಸಿನ್ನಿಗೆ ಹೋಗಿ ಕೈ ತೊಳೆದು ಬರುವಳು. ಅಷ್ಟು ದಿನಗಳಲ್ಲಿ ಹಾಗೆ ಮಾಡಿದುದನ್ನು ನಾವು ಕಂಡದ್ದು ಅವಳೊಬ್ಬಳನ್ನೇ. ಒಂದು ಬೆಳಿಗ್ಗೆ ಹಿರಿಯ ದಾದಿಯೊಬ್ಬರು ಎಲ್ಲರ ಮುಂದೆಯೇ ಅವಳನ್ನು ಗದರಿಸಿದರು: "ನೀನು ಹೀಗೆ ಕೈ ತೊಳೆಯುತ್ತಾ ಕೂತರೆ ಬಾಕಿ ಪೇಷಂಟುಗಳ ಬಿ.ಪಿ. ನೋಡುವವರು ಯಾರು?" ಮರುದಿನದಿಂದ ಅವಳೂ ಬೇಸಿನ್ನಿನ ಕಡೆಗೆ ಹೋಗುವುದು ಕಡಿಮೆಯಾಯಿತು. ಆ ಹಿರಿಯ ದಾದಿಯನ್ನು ನಾವು ಕೆಟ್ಟವರೆನ್ನಲಾರೆವು. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಇಬ್ಬರು ಮಾತ್ರ. ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ಓಡಾಡುತ್ತಿದ್ದರು. ನಮ್ಮ ತಾಯಿಯವರಿಗೆ ರೋಗಾಣು ಯಾರ ಕೈಯಿಂದ ಬಂದಿತೆಂದು ಹೇಳಲು ನಮ್ಮಲ್ಲಿ ಯಾವ ಆಧಾರವೂ ಇಲ್ಲ. ನಮ್ಮ ಕೈಯಿಂದಲೇ ಬಂದಿರಲೂಬಹುದು. ದಿನಕ್ಕೆ ಹತ್ತು ಬಾರಿ ಆ ಪ್ಲಾಸ್ಟರನ್ನು ಸರಿಪಡಿಸುತ್ತಿದ್ದವರು ನಾವೇ.

ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಪ್ರಕಟಿಸಿದ ವರದಿಯೊಂದರ ಪ್ರಕಾರ, ಆಸ್ಪತ್ರೆಗೆ ದಾಖಲಾಗುವ ಪ್ರತಿ 100 ರೋಗಿಗಳಲ್ಲಿ ಶ್ರೀಮಂತ ದೇಶಗಳಲ್ಲಿ 7 ಮಂದಿ, ನಮ್ಮಂತಹ ದೇಶಗಳಲ್ಲಿ 15 ಮಂದಿ ಅಲ್ಲಿರುವಾಗಲೇ ಕನಿಷ್ಠ ಒಂದು ಸೋಂಕನ್ನಾದರೂ ಅಂಟಿಸಿಕೊಳ್ಳುತ್ತಾರೆ. ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಬಿ.ಎಸ್ಸಿ. ನರ್ಸಿಂಗಿನ ಪಠ್ಯಕ್ರಮವನ್ನು ಪರಿಷ್ಕರಿಸಿದಾಗ, ಮೂರನೆಯ ಸೆಮಿಸ್ಟರಿನ ಈ ವಿಷಯಕ್ಕೆ ಬರಿಯ ಸೂಕ್ಷ್ಮಾಣುಜೀವಿಶಾಸ್ತ್ರ ಎಂಬ ಹೆಸರು ಸಾಲದೆಂದು ಕಂಡಿರಬೇಕು. ಅನ್ವಯಿಕ ಸೂಕ್ಷ್ಮಾಣುಜೀವಿಶಾಸ್ತ್ರ ಎಂದು ಕರೆದು, ಸೋಂಕು ನಿಯಂತ್ರಣ ಮತ್ತು ಸುರಕ್ಷತೆಯನ್ನು ಅದರೊಡನೆ ಜೋಡಿಸಿದರು. ಹೆಸರು ಬದಲಾಯಿತು. ಥರ್ಮೋಕೋಲ್ ಮಾತ್ರ ಬದಲಾಗಲಿಲ್ಲ.

ಬೇಸರದ ಮಾತಿಗೆ ಮರಳೋಣ. ಈ ಶಾಸ್ತ್ರದ ಚರಿತ್ರೆಯಲ್ಲಿ ಬೇಸರಕ್ಕೆ ಬಹಳ ದೊಡ್ಡ ಸ್ಥಾನವಿದೆ. ವಿಯೆನ್ನಾ ನಗರದ ಮಹಾ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಿದ್ದರು, ಇನ್ನೊಂದರಲ್ಲಿ ಸೂಲಗಿತ್ತಿಯರು. 1841ರಿಂದ 1846ರವರೆಗಿನ ಆರು ವರ್ಷಗಳಲ್ಲಿ ಮೊದಲನೆಯದರಲ್ಲಿ ನೂರಕ್ಕೆ ಸುಮಾರು 10 ಬಾಣಂತಿಯರು ಸತ್ತರೆ, ಎರಡನೆಯದರಲ್ಲಿ ಸತ್ತವರು 4ಕ್ಕೂ ಕಡಿಮೆ. ವೈದ್ಯರ ವಿಭಾಗಕ್ಕೆ ಸೇರಿಸಬೇಡಿರೆಂದು ಬಡ ಹೆಂಗಸರು ಮೊಣಕಾಲೂರಿ ಬೇಡಿಕೊಳ್ಳುತ್ತಿದ್ದರಂತೆ. ಇಗ್ನಾಸ್ ಸೆಮ್ಮೆಲ್‌ವೈಸ್ ಎಂಬ ಯುವ ವೈದ್ಯನು, ಶವಗಳನ್ನು ಕೊಯ್ದ ಕೈಯಿಂದಲೇ ವಿದ್ಯಾರ್ಥಿಗಳು ಹೆರಿಗೆಯ ಕೋಣೆಗೆ ಬರುತ್ತಿರುವುದನ್ನು ಗಮನಿಸಿ, 1847ರ ಮೇ ತಿಂಗಳಿನಿಂದ ಎಲ್ಲರೂ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ಕಟ್ಟುಮಾಡಿದನು. ಏಪ್ರಿಲಿನಲ್ಲಿ ನೂರಕ್ಕೆ 18ರಷ್ಟಿದ್ದ ಮರಣ ಜುಲೈಯಲ್ಲಿ ಒಂದು ಚಿಲ್ಲರೆಗೆ ಇಳಿಯಿತು. ಅದಕ್ಕೆ ಸಿಕ್ಕ ಬಹುಮಾನವೇನು? ಎರಡು ವರ್ಷಗಳಲ್ಲಿ ಅವನ ಹುದ್ದೆಯನ್ನು ಮುಂದುವರಿಸಲಿಲ್ಲ. ಕೊಲ್ಲುತ್ತಿರುವುದು ನಮ್ಮ ಕೈಯೇ ಎಂಬ ಮಾತನ್ನು ಸಹಿಸಿಕೊಳ್ಳುವ ಮನಸ್ಸು ಆ ದೊಡ್ಡ ಮಂದಿಗೆ ಇರಲಿಲ್ಲ. ಅವನ ಸ್ವಭಾವವೂ ಒರಟಾಗಿತ್ತು ಎನ್ನುತ್ತಾರೆ, ಇರಲಿ. 1865ರಲ್ಲಿ ಹುಚ್ಚಾಸ್ಪತ್ರೆಯೊಂದರಲ್ಲಿ ಅವನು ಸತ್ತನು. ಆಗ ಅವನಿಗೆ ನಲವತ್ತೇಳು ವರ್ಷ.

ಈ ಕಥೆಯನ್ನು ಹೇಳಿದಾಗ ಹುಡುಗಿಯರು ಅದನ್ನು ಮೊದಲೇ ಬಲ್ಲೆವು, ಪರೀಕ್ಷೆಗೆ ಬರುತ್ತದೆ ಎಂದರು. ಆದರೆ ಅವರ ಚಾರ್ಟಿನಲ್ಲಿಲ್ಲದ ಇನ್ನೊಂದು ಕಥೆಯಿತ್ತು, ಅದು ಎಬೋಲಾದ್ದೇ.

1976ರಲ್ಲಿ ಈ ರೋಗವು ಮೊದಲ ಬಾರಿ ಗುರುತಿಸಲ್ಪಟ್ಟ ಸ್ಥಳಗಳಲ್ಲಿ ಒಂದು, ಆಗ ಜಾಯಿರ್ ಎಂದು ಕರೆಯಲ್ಪಡುತ್ತಿದ್ದ ಕಾಂಗೋ ದೇಶದ ಯಾಂಬುಕು ಎಂಬ ಹಳ್ಳಿ. ಅಲ್ಲಿ ಇದ್ದುದು ಬೆಲ್ಜಿಯಂ ದೇಶದ ಕಥೋಲಿಕ ಧರ್ಮಭಗಿನಿಯರು ನಡೆಸುತ್ತಿದ್ದ ಮಿಷನ್ ಆಸ್ಪತ್ರೆ. ಸುತ್ತಮುತ್ತಲಿನ ಜನರಿಗೆಲ್ಲ ಅದೇ ಆಸರೆ. ಹೊರರೋಗಿಗಳ ವಿಭಾಗಕ್ಕೆ ಪ್ರತಿದಿನ ಬೆಳಿಗ್ಗೆ ಐದು ಸಿರಿಂಜುಗಳನ್ನೂ ಸೂಜಿಗಳನ್ನೂ ಕೊಡುತ್ತಿದ್ದರು. ಒಬ್ಬರಿಗೆ ಚುಚ್ಚಿದ ಮೇಲೆ ಬಿಸಿನೀರಿನ ಪಾತ್ರೆಯಲ್ಲಿ ಅಲುಗಾಡಿಸಿ ಇನ್ನೊಬ್ಬರಿಗೆ ಚುಚ್ಚುವುದು ವಾಡಿಕೆ. ಕಾಡಿನಿಂದಲೋ ಎಲ್ಲಿಂದಲೋ ಬಂದ ವೈರಾಣುವಿಗೆ ಆ ಐದು ಸೂಜಿಗಳು ಸಾಕಾದವು. ಆ ಪ್ರದೇಶದಲ್ಲಿ 318 ಮಂದಿಗೆ ರೋಗ ತಗಲಿ 280 ಮಂದಿ ಸತ್ತರು. ಆಸ್ಪತ್ರೆಯ 17 ಮಂದಿ ಸಿಬ್ಬಂದಿಯಲ್ಲಿ 11 ಮಂದಿ, ಅವರಲ್ಲಿ ಧರ್ಮಭಗಿನಿಯರೂ ಸೇರಿ, ಪ್ರಾಣ ತೆತ್ತರು. ಆಸ್ಪತ್ರೆಯನ್ನು ಮುಚ್ಚಿದ ಮೇಲೆ ರೋಗವು ಇಳಿಮುಖವಾಯಿತು. ಆ ಭಗಿನಿಯರ ಸೇವೆಯನ್ನಾಗಲಿ ತ್ಯಾಗವನ್ನಾಗಲಿ ಹಗುರವಾಗಿ ಕಾಣುವ ಉದ್ದೇಶ ನಮಗಿಲ್ಲ. ಆದರೆ ಮರುಕವೊಂದೇ ಸೂಜಿಯನ್ನು ಕುದಿಸುವುದಿಲ್ಲವೆಂಬುದನ್ನು, ಸೇವೆಯ ಹೆಸರಿನಲ್ಲಿ ಆಸ್ಪತ್ರೆಗಳನ್ನು ಕಟ್ಟಿದ ನಮ್ಮಂತಹ ಸಮುದಾಯವು ಒಪ್ಪಿಕೊಳ್ಳದೆ ವಿಧಿಯಿಲ್ಲ.

ಹುಡುಗಿಯರ ಚಾರ್ಟಿನಲ್ಲಿ ಬಾವಲಿಯ ಚಿತ್ರವಿತ್ತು, ವೈರಾಣುವಿನ ಚಿತ್ರವಿತ್ತು, ಆಫ್ರಿಕಾದ ಭೂಪಟವಿತ್ತು. ಐದು ಸೂಜಿಗಳು ಇರಲಿಲ್ಲ. ದಾದಿಯ ಕೆಲಸಕ್ಕೆ ಸಂಬಂಧಿಸಿದ ಒಂದೇ ಒಂದು ಸಂಗತಿ ಹೇಗೋ ಬಿಟ್ಟುಹೋಗಿತ್ತು. ಆದುದರಿಂದ ದೂರದ ರೋಗವನ್ನು ಆರಿಸಿಕೊಂಡುದೇ ತಪ್ಪೆಂದು ನಾವು ಹೇಳಲಾರೆವು. ಅದೇ ತಂಡದಲ್ಲಿ ಕೋಳಿಕ್ಕೋಡು ಜಿಲ್ಲೆಯ ಹುಡುಗಿಯೊಬ್ಬಳಿದ್ದಳು. 2018ರಲ್ಲಿ ನಿಪಾ ರೋಗಿಯ ಶುಶ್ರೂಷೆ ಮಾಡಿ ಸೋಂಕು ತಗಲಿ ಮಡಿದ ಪೇರಾಂಬ್ರ ಆಸ್ಪತ್ರೆಯ ದಾದಿ ಲಿನಿಯವರ ಹೆಸರನ್ನು ಹೇಳುವಾಗ ಅವಳ ಕಣ್ಣು ತುಂಬಿತು. ಆ ಸಲ ನಿಪಾ ಬಹುಮಟ್ಟಿಗೆ ಹರಡಿದುದು ಆಸ್ಪತ್ರೆಗಳ ಒಳಗೆಯೇ. ಅವಳಿಗೆ ನಿಪಾ ಪುಸ್ತಕದ ರೋಗವಲ್ಲ. ಇನ್ನು ಶಿವಮೊಗ್ಗದವಳ ಜಿಲ್ಲೆಯಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ ಕೋತಿಗಳು ಸತ್ತು ಬಿದ್ದಾಗ ಪತ್ತೆಯಾದ ವೈರಾಣುವಿಗೆ ಆ ಕಾಡಿನ ಹೆಸರನ್ನೇ ಇಟ್ಟಿದ್ದಾರೆ. ಉಣ್ಣೆಹುಳಗಳಿಂದ ಹರಡುವ ಆ ಮಂಗನ ಕಾಯಿಲೆ 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲೂಕಿಗೂ ಕಾಲಿಟ್ಟಿತ್ತು. ಹೀಗೆ ಇಬ್ಬರ ಊರಿಗೂ ಸೇರಿದ ರೋಗವೊಂದಿದ್ದರೂ ಅದರ ಹೆಸರು ಅವರ ಪಟ್ಟಿಯಲ್ಲಿಯೇ ಇರಲಿಲ್ಲವೆಂಬುದು ನಮಗೆ ಸೋಜಿಗವೆನಿಸಿತು.

ಹಾಗಾದರೆ ವಿಷಯವನ್ನು ಆರಿಸುವುದು ಹೇಗೆ? ನಮ್ಮ ಅಭಿಮತವಿಷ್ಟೇ: ಉತ್ತರವು ತಮ್ಮ ತಪ್ಪನ್ನೇ ತೋರಿಸೀತೆಂಬ ಭಯ ಎಲ್ಲಿ ಸ್ವಲ್ಪವಾದರೂ ಇದೆಯೋ ಅಂತಹ ಪ್ರಶ್ನೆಯನ್ನು ತೆಗೆದುಕೊಳ್ಳಬೇಕು. ಎಬೋಲಾದ ಲಕ್ಷಣಗಳನ್ನು ಬರೆದು ಮುಗಿಸಿದ ಮೇಲೆ ಮರುದಿನ ವಾರ್ಡಿನಲ್ಲಿ ಯಾರೂ ಏನನ್ನೂ ಬೇರೆ ರೀತಿಯಲ್ಲಿ ಮಾಡಬೇಕಾಗುವುದಿಲ್ಲ. ಕೈಯ ವಿಷಯ ಹಾಗಲ್ಲ.

ಕೈಯ ಪ್ರಯೋಗಕ್ಕೆ ದೊಡ್ಡ ಖರ್ಚೂ ಇಲ್ಲ. ಅಗಾರ್ ಹಾಕಿದ ಗಾಜಿನ ತಟ್ಟೆಗಳು, 37 ಡಿಗ್ರಿಯ ಇನ್‌ಕ್ಯುಬೇಟರ್, ಒಂದು ದಿನದ ತಾಳ್ಮೆ. ತೊಳೆಯದ ಬೆರಳುಗಳನ್ನು ಒಂದು ತಟ್ಟೆಗೆ ಮೆಲ್ಲನೆ ಒತ್ತುವುದು. ಬರಿಯ ನೀರಿನಲ್ಲಿ ತೊಳೆದು ಇನ್ನೊಂದಕ್ಕೆ. ಸಾಬೂನಿನಿಂದ ನಲವತ್ತು ಸೆಕೆಂಡಿಗಿಂತ ಕಡಿಮೆಯಾಗದಂತೆ ಉಜ್ಜಿ ತೊಳೆದು ಮತ್ತೊಂದಕ್ಕೆ. ಸ್ಪಿರಿಟ್ ಮಿಶ್ರಿತ ದ್ರಾವಣವನ್ನು ಹಚ್ಚಿ, ಕೈ ಒಣಗಿದ ಮೇಲೆ, ಮಗದೊಂದಕ್ಕೆ. ಮರುದಿನ ತಟ್ಟೆಯ ಮೇಲೆ ಎದ್ದಿರುವ ಚುಕ್ಕೆಗಳನ್ನು ಎಣಿಸಿದರೆ ಭಾಷಣದ ಅಗತ್ಯವಿಲ್ಲ. ಇದರಲ್ಲಿಯೂ ಯೋಚಿಸಬೇಕಾದ ಸೂಕ್ಷ್ಮಗಳು ಬಹಳ. ಸಾಬೂನಿನಿಂದ ಒಮ್ಮೆ ತೊಳೆದ ಕೂಡಲೇ ಕೆಲವರ ತಟ್ಟೆಯಲ್ಲಿ ಚುಕ್ಕೆಗಳು ಹೆಚ್ಚಾಗುವುದುಂಟು; ಚರ್ಮದ ಒಳಪದರದಲ್ಲಿ ನೆಲೆಸಿರುವ ನಿರುಪದ್ರವಿ ಬ್ಯಾಕ್ಟೀರಿಯಾಗಳು ಉಜ್ಜಿದಾಗ ಮೇಲಕ್ಕೆ ಬರುತ್ತವೆ. ಅದನ್ನು ನೋಡಿ ಸಾಬೂನು ವ್ಯರ್ಥವೆಂದು ಬರೆದುಬಿಟ್ಟರೆ ಅನರ್ಥ. ಶುದ್ಧ ಆಲ್ಕೋಹಾಲಿಗಿಂತ ನೂರಕ್ಕೆ ಎಪ್ಪತ್ತರಷ್ಟಿರುವ, ನೀರು ಬೆರೆತ ಆಲ್ಕೋಹಾಲೇ ಹೆಚ್ಚು ಪರಿಣಾಮಕಾರಿ ಏಕೆ, ಭೇದಿಯನ್ನುಂಟುಮಾಡುವ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಯಾವ ಸ್ಪಿರಿಟಿಗೂ ಸಾಯದೆ ಸಾಬೂನು ನೀರಿನಲ್ಲಿ ತೊಳೆದುಹೋಗಬೇಕಾಗುವುದು ಏಕೆ, ಇಂತಹ ಪ್ರಶ್ನೆಗಳು ತಾವಾಗಿ ಎದ್ದು ಬರುತ್ತವೆ. ಪಾಠದ ಅರ್ಧ ಭಾಗ ಅಲ್ಲಿಯೇ ಮುಗಿದಂತೆ.

ಗುಂಪು ಕೆಲಸದ ದೊಡ್ಡ ಕಾಯಿಲೆಗೂ ಇದೇ ಮದ್ದು. ಆರು ಹೆಸರುಗಳಿರುವ ಪ್ರಾಜೆಕ್ಟಿನಲ್ಲಿ ಇಬ್ಬರು ರಾತ್ರಿ ನಿದ್ದೆಗೆಟ್ಟು, ಒಬ್ಬಳು ಅಕ್ಷರ ಚೆನ್ನಾಗಿದೆಯೆಂದು ಚಾರ್ಟ್ ಬರೆದು, ಉಳಿದವರು ಬಣ್ಣದ ಪೆನ್ನು ತಂದುಕೊಡುವ ಪದ್ಧತಿಯನ್ನು ಬಲ್ಲದವರಾರು? ಆರು ಭಾಗಗಳಾಗಿ ಕತ್ತರಿಸಬಹುದಾದ ವಿಷಯವನ್ನು ಆರಿಸಿದರೆ ಲಕ್ಷಣ ಬರೆದವಳಿಗೆ ಚಿಕಿತ್ಸೆ ತಿಳಿಯದು, ಚರಿತ್ರೆ ಬರೆದವಳಿಗೆ ಎರಡೂ ತಿಳಿಯದು. ಪ್ರಯೋಗವಾದರೆ ಒಬ್ಬಳು ಕೈ ಕೊಡಬೇಕು, ಒಬ್ಬಳು ಸಮಯ ನೋಡಬೇಕು, ಒಬ್ಬಳು ತಟ್ಟೆಗಳಿಗೆ ಗುರುತು ಹಾಕಬೇಕು, ಯಾವುದು ಯಾರ ತಟ್ಟೆಯೆಂದು ಅರಿಯದ ಇನ್ನೊಬ್ಬಳು ಎಣಿಸಬೇಕು. ಒಬ್ಬಳು ತಪ್ಪಿಸಿಕೊಂಡರೂ ಕೆಲಸ ನಿಲ್ಲುತ್ತದೆ.

ಇಷ್ಟು ಹೇಳಿದ ಮೇಲೆ ಆ ಹಿರಿಯರ ಕಡೆಯ ಮಾತನ್ನೂ ಹೇಳಬೇಕಾದುದು ನ್ಯಾಯ. ರಗಳೆ ಬೇಡವೆಂದುದರಲ್ಲಿ ಹೆದರಿಕೆ ಮಾತ್ರವಲ್ಲ, ಸ್ವಲ್ಪ ವಿವೇಕವೂ ಇದೆ. ನಲ್ಲಿಯ ಹಿಡಿಯ ಮೇಲೆ ಸ್ಟಫಿಲೋಕಾಕಸ್ ಸಿಕ್ಕಿತೆಂದ ಮಾತ್ರಕ್ಕೆ ಆ ಆಸ್ಪತ್ರೆ ಕೊಳಕೆಂದು ಅರ್ಥವಲ್ಲ. ಆರೋಗ್ಯವಂತರಲ್ಲಿಯೇ ಮೂವರಲ್ಲಿ ಒಬ್ಬರ ಮೂಗಿನಲ್ಲಿ ಸ್ಟಫಿಲೋಕಾಕಸ್ ಆರಿಯಸ್ ಸುಮ್ಮನೆ ವಾಸವಾಗಿರುತ್ತದೆ. ಎರಡನೆಯ ವರ್ಷದವರು ಹತ್ತು ತಟ್ಟೆಗಳನ್ನು ನೋಡಿ ತೀರ್ಪು ಕೊಡತೊಡಗಿದರೆ, ಅದು ಪ್ರದರ್ಶನಕ್ಕೆ ಬಂದವರ ಫೋನಿನ ಮೂಲಕ ಊರೆಲ್ಲ ಹಬ್ಬಿದರೆ, ಆಗುವ ಹಾನಿ ಸಣ್ಣದಲ್ಲ. ಬೆಳೆದ ತಟ್ಟೆಯ ಮುಚ್ಚಳವನ್ನು ಕುತೂಹಲದಿಂದ ತೆರೆದು ನೋಡುವುದು, ಆಟೋಕ್ಲೇವಿನಲ್ಲಿ 121 ಡಿಗ್ರಿಯಲ್ಲಿ ಹದಿನೈದು ನಿಮಿಷ ಇಡದೆ ಕಸಕ್ಕೆ ಎಸೆಯುವುದು ಅಪಾಯಕಾರಿ. ಆದುದರಿಂದ ಆಸ್ಪತ್ರೆಯ ಸೋಂಕು ನಿಯಂತ್ರಣ ಸಮಿತಿಯ ಅನುಮತಿ ಬೇಕು, ಬೋಧಕಿಯವರು ಬಳಿಯಲ್ಲಿರಬೇಕು, ಯಾರ ಹೆಸರೂ ವಾರ್ಡಿನ ಸಂಖ್ಯೆಯೂ ಬರಕೂಡದು. ಇವೆಲ್ಲ ಸರಿ. ಆದರೆ ಇವು ಎಚ್ಚರದಿಂದ ಮಾಡಬೇಕೆನ್ನುವುದಕ್ಕೆ ಕಾರಣಗಳೇ ಹೊರತು ಮಾಡಲೇಬಾರದೆನ್ನುವುದಕ್ಕಲ್ಲ. ಇತರರ ಕೈಗಳನ್ನು ನೋಡಿದರೆ ಬೇಸರವಾಗುವುದಾದರೆ ಮೊದಲು ತಮ್ಮ ಹನ್ನೆರಡು ಕೈಗಳನ್ನೇ ನೋಡಿಕೊಳ್ಳಲಿ. ಅದಕ್ಕೆ ಯಾವ ಹಿರಿಯರ ಬೇಸರ ಅಡ್ಡಬರುತ್ತದೆ?

ನಾವು ಹೀಗೆ ಕೈಯ ಪರವಾಗಿ ವಾದಿಸಿ ಹುಡುಗಿಯರನ್ನು ಕಳುಹಿಸಿಕೊಟ್ಟೆವು. ಮುಂದಿನ ಭಾನುವಾರ ಅವರು ಪುನಃ ಬಂದರು. ವಿಷಯ ಬದಲಾಗಿತ್ತು, ಆದರೆ ಅದು ನಾವು ಹೇಳಿದ್ದಲ್ಲ. ಕಫ ಎಂದರು.

ಅವರ ವಿವರಣೆಯನ್ನು ಕೇಳಿದ ಮೇಲೆ ನಮ್ಮ ಸಲಹೆಗಿಂತ ಅವರ ಆಯ್ಕೆಯೇ ಮೇಲೆಂದು ತೋರಿತು. ಪ್ರಪಂಚದ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ನಮ್ಮ ದೇಶದಲ್ಲಿದ್ದಾರೆ. ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ಕಂಡುಹಿಡಿದ ಸಂಗತಿಯನ್ನು 1882ರ ಮಾರ್ಚ್ 24ರಂದು ಪ್ರಕಟಿಸಿದನು. ಅಂದಿನಿಂದ ಇಂದಿನವರೆಗೆ ಅದನ್ನು ಕಾಣಲು ಸೂಕ್ಷ್ಮದರ್ಶಕಕ್ಕೆ ಬೇಕಾಗಿರುವುದು ಒಳ್ಳೆಯ ಕಫ. ಒಂದು ಮಿಲಿಲೀಟರಿನಲ್ಲಿ ಐದರಿಂದ ಹತ್ತು ಸಾವಿರದಷ್ಟು ರೋಗಾಣುಗಳಾದರೂ ಇಲ್ಲದಿದ್ದರೆ ಗಾಜಿನ ಪಟ್ಟಿಯ ಮೇಲೆ ಅವು ಕಣ್ಣಿಗೆ ಬೀಳುವುದು ಕಷ್ಟ. ಹೊಸ ಜೀನ್ ಪರೀಕ್ಷೆಯ ಯಂತ್ರಗಳು ಇದಕ್ಕಿಂತ ಬಹಳ ಸೂಕ್ಷ್ಮವಾದವು, ನಿಜ. ಆದರೆ ಡಬ್ಬಿಯಲ್ಲಿರುವುದು ಬರಿಯ ಜೊಲ್ಲಾದರೆ ಯಂತ್ರವೇನು ಮಾಡೀತು? ಡಬ್ಬಿಗಳಲ್ಲಿ ಹಲವು ಬಾರಿ ಜೊಲ್ಲು ಬರುವುದನ್ನು ಪ್ರಯೋಗಾಲಯದವರು ಬಲ್ಲರು. ಪೇಷಂಟಿಗೆ ಅರ್ಥವಾಗುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಅರ್ಥವಾಗುವಂತೆ ಹೇಳಿದವರು ಯಾರಾದರೂ ಇದ್ದಾರೆಯೇ ಎಂಬುದೇ ಈ ಆರು ಮಂದಿಯ ಪ್ರಶ್ನೆ.

ಈ ಪ್ರಶ್ನೆಯನ್ನು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಕೇಳಿದವರಿದ್ದಾರೆ. ಅಲ್ಲಿನ ಪ್ರಯೋಗವೊಂದರ ಫಲಿತಾಂಶ 2007ರಲ್ಲಿ ಲ್ಯಾನ್ಸೆಟ್ ವೈದ್ಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕ್ಷಯದ ಸಂಶಯವಿದ್ದ ಹೆಂಗಸರಲ್ಲಿ ಕೆಲವರಿಗೆ, ಕಫವನ್ನು ಕೊಡುವುದು ಹೇಗೆಂದು ಸ್ವಲ್ಪ ಹೊತ್ತು ಕೂರಿಸಿ ತಿಳಿಸಿಹೇಳಿದರು. ಉಳಿದವರಿಗೆ ವಾಡಿಕೆಯಂತೆ ಡಬ್ಬಿ ಕೊಟ್ಟರು. ತಿಳಿಸಿಹೇಳಿಸಿಕೊಂಡವರಲ್ಲಿ ನೂರಕ್ಕೆ 13 ಮಂದಿಯ ಕಫದಲ್ಲಿ ರೋಗಾಣು ಕಂಡಿತು, ಉಳಿದವರಲ್ಲಿ 8 ಮಂದಿಯಲ್ಲಿ ಮಾತ್ರ. ಗಂಡಸರಲ್ಲಿ ಅಂತಹ ವ್ಯತ್ಯಾಸವೇನೂ ಕಾಣಲಿಲ್ಲ. ನಾಲ್ಕು ಜನರೆದುರು ಜೋರಾಗಿ ಕೆಮ್ಮಿ ಕ್ಯಾಕರಿಸುವುದು ಮರ್ಯಾದೆಯಲ್ಲವೆಂದು ಬೆಳೆದ ಹೆಂಗಸು, ಡಬ್ಬಿಯನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಬಾಯಿಯಲ್ಲಿದ್ದುದನ್ನು ಉಗುಳಿ ಕೊಟ್ಟುಬಿಡುತ್ತಾಳೆ. ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ. ಅವಳು ಮನೆಗೆ ಹೋಗಿ ಅದೇ ಕೋಣೆಯಲ್ಲಿ ಮೊಮ್ಮಕ್ಕಳ ಜೊತೆ ಮಲಗುತ್ತಾಳೆ. ಇಲ್ಲಿ ತಪ್ಪು ರೋಗಿಯದಲ್ಲ. ಡಬ್ಬಿಯನ್ನು ಕೈಗಿತ್ತು ಮುಂದಕ್ಕೆ ಹೋದವರದು. ಸಾಮಾನ್ಯವಾಗಿ ಆ ಡಬ್ಬಿಯನ್ನು ಕೊಡಲು ಕಳುಹಿಸುವುದು ಯಾರನ್ನು? ಕನ್ನಡವೂ ತುಳುವೂ ಸರಿಯಾಗಿ ಬಾರದ, ಎರಡನೆಯ ವರ್ಷದ ಕೇರಳದ ಹುಡುಗಿಯರನ್ನು. "ನಾವು ಇಷ್ಟು ದಿನ, ಅಜ್ಜಿ, ಇದರಲ್ಲಿ ಉಗುಳಿ ಅಂತ ಹೇಳುತ್ತಿದ್ದೆವು ಸರ್," ಎಂದು ಕೋಳಿಕ್ಕೋಡಿನವಳು ನಾಚಿಕೊಂಡು ಹೇಳಿದಳು. ಉಗುಳಿ ಎಂದರೆ ಅಜ್ಜಿ ಉಗುಳದೆ ಇನ್ನೇನು ಮಾಡಿಯಾಳು?

ಬೋಧಕಿಯವರು ಒಪ್ಪಿಗೆ ಕೊಟ್ಟಿದ್ದಾರಂತೆ. ಮಾಸ್ಕ್ ಧರಿಸಿ, ರೋಗಿಯ ಸಮ್ಮತಿ ಪಡೆದು, ಹೊರಗೆ ಗಾಳಿಯಾಡುವ, ಮರೆಯಾದ ಜಾಗಕ್ಕೆ ಕರೆದೊಯ್ದು ಹೇಳಿಕೊಡುವುದು. ಬಂದ ಡಬ್ಬಿಗಳಲ್ಲಿ ಎಷ್ಟು ಕಫ, ಎಷ್ಟು ಜೊಲ್ಲು ಎಂಬ ಪ್ರಯೋಗಾಲಯದ ಟಿಪ್ಪಣಿಯನ್ನು, ಹೇಳಿಕೊಡುವ ಮುಂಚಿನ ತಿಂಗಳಿನ ಟಿಪ್ಪಣಿಯೊಡನೆ ಹೋಲಿಸುವುದು ಅವರ ಯೋಜನೆ. ನಮ್ಮಿಂದ ಬೇಕಾಗಿರುವುದು ಹೇಳಿಕೊಡಬೇಕಾದ ಕನ್ನಡದ ನಾಲ್ಕು ವಾಕ್ಯಗಳು ಮಾತ್ರ.

ನಾವು ಉತ್ಸಾಹದಿಂದ ಅಲ್ಲಿಯೇ ಕುಳಿತು ಬರೆದುಕೊಟ್ಟೆವು: "ಶುದ್ಧವಾದ ನೀರಿನಿಂದ ಬಾಯಿ ಮುಕ್ಕಳಿಸಿ, ದೀರ್ಘವಾಗಿ ಶ್ವಾಸೋಚ್ಛ್ವಾಸ ಮಾಡಿ, ಶ್ವಾಸಕೋಶದ ಅಂತರಾಳದಿಂದ ಹೊರಹೊಮ್ಮಿದ ಕಫದ ಮಾದರಿಯನ್ನು ಈ ಪಾತ್ರೆಯಲ್ಲಿ ಸಂಗ್ರಹಿಸತಕ್ಕದ್ದು." ಬೆಳ್ತಂಗಡಿಯ ಹುಡುಗಿ ಅದನ್ನು ಎರಡು ಸಲ ಓದಿದಳು. "ಸರ್, ಬೇಸರ ಮಾಡಬೇಡಿ," ಎಂದಳು, "ಇದು ನಮ್ಮ ಅಜ್ಜಿಗೆ ಅರ್ಥ ಆಗಲಿಕ್ಕಿಲ್ಲ."

ನಮಗೆ ಸ್ವಲ್ಪ ಬೇಸರವಾದುದು ನಿಜ. ಕಾಗದವನ್ನು ಹಿಂದಕ್ಕೆ ಪಡೆದು ಹೊಡೆದುಹಾಕಿ ಪುನಃ ಬರೆದೆವು. ಅದನ್ನೂ ಅವಳು ತಿದ್ದಿದಳು. ಮೂರನೆಯ ಸಲ ಹೀಗಾಯಿತು: "ಅಜ್ಜಿ, ಮೊದಲು ನೀರಿನಲ್ಲಿ ಬಾಯಿ ತೊಳೆಯಿರಿ. ಜೋರಾಗಿ ಎರಡು ಮೂರು ಸಲ ಉಸಿರು ಎಳೆದುಕೊಳ್ಳಿ. ಆಮೇಲೆ ಎದೆಯ ಒಳಗಿನಿಂದ ಕೆಮ್ಮಿ. ಗಟ್ಟಿ ಕಫ ಬಂದರೆ ಅದನ್ನು ಮಾತ್ರ ಡಬ್ಬಿಗೆ ಹಾಕಿ, ಜೊಲ್ಲು ಬೇಡ. ನಾಚಿಕೆ ಮಾಡಬೇಡಿ, ಇಲ್ಲಿ ಯಾರೂ ನೋಡುವುದಿಲ್ಲ." ಕೊನೆಯ ವಾಕ್ಯವನ್ನು ಸೇರಿಸಿದವಳು ಅವಳೇ. ಕೇರಳದ ನಾಲ್ವರು ಅದನ್ನು ಮಲಯಾಳದ ಅಕ್ಷರಗಳಲ್ಲಿ ಅಂಗೈಯಗಲದ ಪುಸ್ತಕಕ್ಕೆ ಇಳಿಸಿಕೊಂಡು, ಚರ್ಚಿನ ಮೆಟ್ಟಿಲ ಮೇಲೆಯೇ ಒಬ್ಬರಿಗೊಬ್ಬರು ಹೇಳಿ ನೋಡುತ್ತ, ಎರಡು ಗಂಟೆಯ ಪಾಳಿಗೆ ಹೊತ್ತಾಯಿತೆಂದು ಬಸ್ಸಿನ ಕಡೆಗೆ ಓಡಿದರು.